ತೈಲಸ್ರಾವದ ನಿದಾನ

ಲಕ್ಷ ಕಿಲೋಮೀಟರಿನ ಗಡಿಯನ್ನು ಎಂದೋ ದಾಟಿದ ಟರ್ಬೊ ಡೀಸೆಲ್ ಕಾರೊಂದು ತಾನು ನಿಂತ ನೆಲದ ಮೇಲೆ ಕಪ್ಪು ಕಲೆಯೊಂದನ್ನು ಬಿಟ್ಟುಹೋಗತೊಡಗಿತೆಂದರೆ, ಅದರ ಒಡೆಯನಿಗೆ ಸಲಹೆ ನೀಡುವವರ ಅಭಾವ ಎಂದಿಗೂ ಉಂಟಾಗುವುದಿಲ್ಲ. ನೆರೆಮನೆಯವರು, ಕಚೇರಿಯ ಸಹೋದ್ಯೋಗಿಗಳು, ಬಂಕಿನಲ್ಲಿ ಚಕ್ರಕ್ಕೆ ಗಾಳಿ ಹಾಕುವ ಹುಡುಗ, ಕೊನೆಗೆ ಅವಸರದಲ್ಲಿರುವ ಗ್ಯಾರೇಜಿನ ಮೇಸ್ತ್ರಿ, ಎಲ್ಲರೂ ತೆರೆದ ಬಾನೆಟ್ಟಿನೊಳಕ್ಕೆ ಕ್ಷಣಮಾತ್ರ ಇಣುಕಿ, ‘ಟರ್ಬೊ ಹೋಗಿದೆ ಸಾರ್’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಟರ್ಬೊ ಎಂಬುದು ಹೆಸರಿನಲ್ಲಿ ದೊಡ್ಡದು, ಬೆಲೆಯಲ್ಲಿ ಅದಕ್ಕಿಂತಲೂ ದೊಡ್ಡದು. ಇಂಜಿನ್ನಿನ ಅಂಗಾಂಗಗಳಲ್ಲಿ ಜನಸಾಮಾನ್ಯರ ಕಿವಿಗೆ ಬಿದ್ದಿರುವ ಕೆಲವೇ ಹೆಸರುಗಳಲ್ಲಿ ಅದೂ ಒಂದಾದುದರಿಂದ ದೋಷಾರೋಪಣೆಗೆ ಮೊದಲು ಸಿಕ್ಕಿಬೀಳುವುದೂ ಅದೇ. ಆದರೆ ಸೋರುವ ತೈಲದ ಮೂಲವನ್ನು ಕ್ರಮವಾಗಿ ಶೋಧಿಸಿ ನೋಡಿದವರು ಬಲ್ಲರು: ಈ ಪ್ರಕರಣಗಳಲ್ಲಿ ಟರ್ಬೊ ಅಪರಾಧಿಯಾಗಿರುವುದಕ್ಕಿಂತ, ಬೇರೆಲ್ಲಿಯೋ ನಡೆದ ಅಪರಾಧಕ್ಕೆ ತುತ್ತಾಗಿರುವುದೇ ಹೆಚ್ಚು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ನಿರ್ದಿಷ್ಟ ಇಂಜಿನ್ನನ್ನು ಮನಸ್ಸಿನ ಮುಂದಿರಿಸಿಕೊಳ್ಳೋಣ. ಯೂರೋಪಿನಲ್ಲಿ 2003ರಲ್ಲಿ ಬೆಳಕಿಗೆ ಬಂದ ಫಿಯಟ್ ಸಂಸ್ಥೆಯ 1.3 ಲೀಟರಿನ ಮಲ್ಟಿಜೆಟ್ ಡೀಸೆಲ್ ಇಂಜಿನ್ನು ನಮ್ಮ ದೇಶದಲ್ಲಿ ರಂಜನಗಾಂವ್‌ನಲ್ಲಿಯೂ ಮಾನೇಸರಿನಲ್ಲಿಯೂ ತಯಾರಾಗಿ, ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ, ಮಾಂಜಾ, ಪುಂಟೊ, ಲೀನಿಯಾ ಮೊದಲಾಗಿ ಬೇರೆ ಬೇರೆ ಸಂಸ್ಥೆಗಳ ಬೇರೆ ಬೇರೆ ಕಾರುಗಳ ಬಾನೆಟ್ಟಿನಡಿ ಸೇರಿಕೊಂಡ ಪರಿಯನ್ನು ಕಂಡು, ವಾಹನಲೋಕದ ಪತ್ರಕರ್ತರು ಅದಕ್ಕೆ ಭಾರತದ ‘ರಾಷ್ಟ್ರೀಯ ಇಂಜಿನ್’ ಎಂದು ಹಾಸ್ಯವೂ ಮೆಚ್ಚುಗೆಯೂ ಬೆರೆತ ಬಿರುದೊಂದನ್ನು ಕೊಟ್ಟಿದ್ದರು. 1248 ಸಿಸಿ ಗಾತ್ರ, ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್, ಬೆಲ್ಟಿಗೆ ಬದಲು ಟೈಮಿಂಗ್ ಚೈನು, ಸಾಮಾನ್ಯ ರೂಪದಲ್ಲಿ 75 ಅಶ್ವಶಕ್ತಿ. ಒಳಗಿರುವ ತೈಲವಾದರೋ ಮೂರು ಲೀಟರಿನ ಆಸುಪಾಸು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾಲಿನ್ಯ ನಿಯಮ ಜಾರಿಗೆ ಬಂದಾಗ ಅದು ನಮ್ಮ ಹೊಸ ಕಾರುಗಳಿಂದ ನಿರ್ಗಮಿಸಿತು. ಆದರೆ ಹಳೆಯ ಕಾರುಗಳ ಪೇಟೆಯಲ್ಲಿ, ಬಾಡಿಗೆ ಟ್ಯಾಕ್ಸಿಗಳಲ್ಲಿ, ತಾಲ್ಲೂಕು ಕೇಂದ್ರಗಳ ವೈದ್ಯರ ಮತ್ತು ಉಪನ್ಯಾಸಕರ ಮನೆಯಂಗಳಗಳಲ್ಲಿ ಅದರ ಸಂಸಾರ ಇನ್ನೂ ಹಬ್ಬಿಕೊಂಡೇ ಇದೆ. ತೈಲದ ಒಟ್ಟು ಪ್ರಮಾಣವೇ ಇಷ್ಟು ಕಿರಿದಾದ ಇಂಜಿನ್ನಿನಲ್ಲಿ ಅರ್ಧ ಲೀಟರು ನಷ್ಟವಾದರೆ ಆರರಲ್ಲೊಂದು ಪಾಲು ನಷ್ಟವಾದಂತೆ. ಮೇಲಾಗಿ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿದಿರುವ ಟೆನ್ಷನರ್ ಕೂಡ ತೈಲದ ಒತ್ತಡದಿಂದಲೇ ಕೆಲಸ ಮಾಡುವುದರಿಂದ, ಸೋರಿಕೆಯನ್ನು ಅಂಗಳದ ಕೊಳೆಯೆಂದಷ್ಟೇ ಭಾವಿಸಿ ಸುಮ್ಮನಿರುವಂತಿಲ್ಲ.

ಹಿಂದಿನ ಕಾಲದ ಅಂಬಾಸಿಡರ್ ಕಾರಿಗೆ ಈ ಮಾತು ಅಷ್ಟಾಗಿ ಅನ್ವಯಿಸುತ್ತಿರಲಿಲ್ಲ. ಅದರೊಳಗಿದ್ದ ಬಿಎಂಸಿ ವಂಶದ 1489 ಸಿಸಿ ಇಂಜಿನ್ನಿನ ಕ್ರ್ಯಾಂಕಿನ ಹಿಂಬದಿಯಲ್ಲಿ ರಬ್ಬರಿನ ಸೀಲೇ ಇರಲಿಲ್ಲ. ದಂಡದ ಮೇಲೆ ಕೊರೆದ ಸುರುಳಿಗೆರೆಯೊಂದು ತಿರುಗುವಾಗ ತೈಲವನ್ನು ಒಳಕ್ಕೆ ಹಿಂದಿರುಗಿಸಬೇಕೆಂಬುದು ವ್ಯವಸ್ಥೆ, ಇಂಜಿನ್ನು ನಿಂತ ಮೇಲೆ ನಾಲ್ಕು ಹನಿ ಬೀಳುವುದು ಅದರ ಸ್ವಭಾವ. ಅಂಬಾಸಿಡರ್ ಕೆಳಗೆ ಹನಿಯೇ ಇಲ್ಲವೆಂದರೆ ಒಳಗೆ ತೈಲವೇ ಇಲ್ಲವೆಂದು ಅರ್ಥ ಎಂಬ ಹಳೆಯ ಚಾಲಕರ ವಿನೋದಕ್ಕೆ ಇಷ್ಟು ಆಧಾರವಿದೆ. ಟರ್ಬೊ ಇರುವ ಇಂಜಿನ್ನಿನಲ್ಲಿ ಆ ಔದಾರ್ಯ ನಡೆಯದು. ಏಕೆ ನಡೆಯದೆಂಬುದನ್ನು ತಿಳಿಯಬೇಕಾದರೆ ಟರ್ಬೊ ಎಂಬ ಯಂತ್ರದ ಅಂತರಂಗವನ್ನು ತುಸು ಹೊಕ್ಕು ನೋಡಬೇಕು.

ಇಂಜಿನ್ನು ಹೊರಹಾಕುವ ಬಿಸಿ ಅನಿಲದಲ್ಲಿ ವ್ಯರ್ಥವಾಗುವ ಶಕ್ತಿಯಿಂದಲೇ ಚಕ್ರವೊಂದನ್ನು ತಿರುಗಿಸಿ, ಅದೇ ದಂಡದ ಮತ್ತೊಂದು ತುದಿಯ ಚಕ್ರದಿಂದ ಇಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬಬಹುದೆಂಬ ಉಪಾಯಕ್ಕೆ ಸ್ವಿಟ್ಜರ್‌ಲ್ಯಾಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಅದು ಮೊದಲು ನೆಲೆಯೂರಿದ್ದು ಹಡಗುಗಳ ದೊಡ್ಡ ಡೀಸೆಲ್ ಇಂಜಿನ್ನುಗಳಲ್ಲಿ. ಮಾರಾಟದ ಕಾರುಗಳಿಗೆ ಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಷೆವ್ರೊಲೆ ಕೊರ್ವೇರ್ ಎಂಬ ಎರಡು ಕಾರುಗಳ ಮೂಲಕ. ಡೀಸೆಲ್ ಕಾರಿನಲ್ಲಿ ಅದನ್ನು ಮೊದಲು ಮಾರಿದ ಕೀರ್ತಿ ಮರ್ಸಿಡಿಸ್‌ನ 300 ಎಸ್‌ಡಿಗೆ ಸಲ್ಲುತ್ತದೆ. ನಮ್ಮಲ್ಲಿಯಾದರೆ 1998ರ ಟಾಟಾ ಸಫಾರಿಯ ಮೈಮೇಲೆ ಅಂಟಿಸಿದ್ದ ‘ಟರ್ಬೊ’ ಎಂಬ ಅಕ್ಷರಗಳನ್ನು ಬೀದಿಯ ಮಕ್ಕಳು ಬೆರಳಿಟ್ಟು ಓದಿದ ಕಾಲ ಹಲವರ ನೆನಪಿನಲ್ಲಿರಬಹುದು.

ಆ ದಂಡದ ವೇಗವನ್ನು ಕೇಳಿದರೆ ಕಿವಿ ನಂಬುವುದಿಲ್ಲ. ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ 2 ಲಕ್ಷ ಸುತ್ತುಗಳನ್ನೂ ಮೀರಿ ತಿರುಗಬಲ್ಲದು. ಅದರ ಒಂದು ತುದಿಯಲ್ಲಿ 700 ಡಿಗ್ರಿ ಸೆಲ್ಸಿಯಸ್ ದಾಟುವ ಅನಿಲ, ಮತ್ತೊಂದು ತುದಿಯಲ್ಲಿ ಫಿಲ್ಟರಿನಿಂದ ಈಗತಾನೆ ಬಂದ ತಂಪು ಗಾಳಿ. ಇಂಥ ದಂಡವನ್ನು ಹೊತ್ತಿರುವುದು ಲೋಹವಲ್ಲ, ಲೋಹ ಲೋಹಗಳ ನಡುವೆ ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು ದಪ್ಪನಾಗಿ ನಿಂತಿರುವ ತೈಲದ ಪೊರೆ. ಇಂಜಿನ್ನಿನ ಮುಖ್ಯ ತೈಲಮಾರ್ಗದಿಂದ ಒಂದು ಸಪೂರ ಕೊಳವೆ ಒತ್ತಡದ ತೈಲವನ್ನು ಟರ್ಬೊದ ನೆತ್ತಿಗೆ ತಂದು ಸುರಿಯುತ್ತದೆ. ಬೇರಿಂಗುಗಳನ್ನು ತೊಯ್ಸಿದ ತೈಲ ಒತ್ತಡವನ್ನೆಲ್ಲ ಕಳೆದುಕೊಂಡು, ಗಾಳಿ ಬೆರೆತು ನೊರೆಯಾಗಿ, ಕೆಳಗಿನ ದಪ್ಪನೆಯ ಕೊಳವೆಯ ಮೂಲಕ ತನ್ನ ಭಾರದಿಂದ ತಾನೇ ಇಳಿದು ಚೇಂಬರಿಗೆ, ಅಂದರೆ ಇಂಜಿನ್ನಿನ ತಳದ ತೈಲಪಾತ್ರೆಗೆ, ಮರಳಬೇಕು. ಒಳಬರುವ ಕೊಳವೆ ಕಿರುಬೆರಳಿಗಿಂತ ಸಪೂರವಾಗಿಯೂ ಹೊರಹೋಗುವ ಕೊಳವೆ ಹೆಬ್ಬೆರಳಿನಷ್ಟು ದಪ್ಪವಾಗಿಯೂ ಇರುವುದರ ಮರ್ಮ ಇಷ್ಟೆ: ಬರುವ ತೈಲವನ್ನು ತಳ್ಳುವ ಪಂಪು ಇದೆ, ಹೋಗುವ ತೈಲಕ್ಕೆ ಅಂಥ ಆಸರೆ ಯಾವುದೂ ಇಲ್ಲ.

ಇನ್ನೊಂದು ಸಂಗತಿಯನ್ನು ಗ್ರಹಿಸದಿದ್ದರೆ ಟರ್ಬೊದ ವಿಷಯವಾಗಿ ಯಾವ ತೀರ್ಪೂ ಸರಿಯಾಗದು. ಟರ್ಬೊದ ದಂಡಕ್ಕೆ ಕ್ರ್ಯಾಂಕಿನ ತುದಿಯಲ್ಲಿರುವಂತೆ ರಬ್ಬರ್ ತುಟಿಯ ಆಯಿಲ್ ಸೀಲು ಇರುವುದಿಲ್ಲ. ಆ ಶಾಖದಲ್ಲಿ, ಆ ವೇಗದಲ್ಲಿ ರಬ್ಬರು ಕ್ಷಣವೂ ಉಳಿಯದು. ಅಲ್ಲಿರುವುದು ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ಬಳೆ. ಅದರೊಂದಿಗೆ, ಚಕ್ರಗಳ ಬೆನ್ನಿನ ಕಡೆಯಿಂದ ಒಳಮುಖವಾಗಿ ಒತ್ತುವ ಅನಿಲದ ಒತ್ತಡವೇ ತೈಲವನ್ನು ಬೇರಿಂಗಿನ ಕೋಣೆಯಲ್ಲಿ ತಡೆದಿಟ್ಟಿರುತ್ತದೆ. ಆದುದರಿಂದ ಕೆಳಗಿಳಿಯುವ ಕೊಳವೆ ಕಟ್ಟಿಕೊಂಡರೆ, ಅಥವಾ ಚೇಂಬರಿನೊಳಗೆ ಅನಿಲದ ಒತ್ತಡ ಏರಿ ಆ ನೊರೆಯನ್ನು ಇಳಿಯಗೊಡದಿದ್ದರೆ, ಬೇರಿಂಗಿನ ಕೋಣೆ ತುಂಬಿ, ತೈಲ ತನಗೆ ಸಿಕ್ಕ ದಾರಿಯಲ್ಲಿ, ಗಾಳಿಚಕ್ರದ ಕಡೆಗೋ ಹೊಗೆಚಕ್ರದ ಕಡೆಗೋ ನುಸುಳುತ್ತದೆ. ಏರ್ ಫಿಲ್ಟರು ಧೂಳಿನಿಂದ ಮುಚ್ಚಿಹೋಗಿದ್ದರೂ ಅದೇ ಗತಿ. ಇಂಜಿನ್ನು ಗಾಳಿಗಾಗಿ ಎಳೆದ ಎಳೆತಕ್ಕೆ ಗಾಳಿ ಬಾರದೆ ತೈಲ ಬರುತ್ತದೆ. ಹೊಸ ಟರ್ಬೊ ತಂದು ಕೂರಿಸಿದರೆ ಅದೂ ಹಾಗೆಯೇ ಸೋರುತ್ತದೆ. ಆಗ ಒಡೆಯ ಟರ್ಬೊ ಮಾರಿದವನ ಮೇಲೆ ಹರಿಹಾಯುತ್ತಾನೆ.

ಚೇಂಬರಿನೊಳಗೆ ಅನಿಲದ ಒತ್ತಡ ಬರುವುದಾದರೂ ಎಲ್ಲಿಂದ? ಪಿಸ್ಟನ್ನುಗಳ ರಿಂಗು ಎಷ್ಟೇ ಚೆನ್ನಾಗಿದ್ದರೂ ದಹನದ ಅನಿಲದಲ್ಲಿ ಕಿಂಚಿತ್ ಭಾಗ ಅವುಗಳ ಪಕ್ಕದಿಂದ ಕೆಳಗೆ ಜಾರುತ್ತದೆ. ನಮ್ಮ ಮೇಸ್ತ್ರಿಗಳು ಇದನ್ನು ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ಹಿಂದಿನ ಇಂಜಿನ್ನುಗಳಲ್ಲಿ ಈ ಅನಿಲವನ್ನು ಒಂದು ಕೊಳವೆಯ ಮೂಲಕ ರಸ್ತೆಗೇ ಬಿಟ್ಟುಬಿಡುತ್ತಿದ್ದರು. ಲಾಸ್ ಏಂಜಲೀಸಿನ ಹೊಗೆಮಂಜಿನ ಹಾವಳಿಯಿಂದ ಎಚ್ಚೆತ್ತ ಕ್ಯಾಲಿಫೋರ್ನಿಯಾದಲ್ಲಿ, 1960ರ ದಶಕದ ಆರಂಭದಲ್ಲಿ, ಅದನ್ನು ಮರಳಿ ಇಂಜಿನ್ನಿಗೇ ಉಣಿಸುವ ಪದ್ಧತಿ ಆರಂಭವಾಗಿ ಲೋಕವ್ಯಾಪಿಯಾಯಿತು. ಇಂದಿನ ಟರ್ಬೊ ಡೀಸೆಲ್‌ನಲ್ಲಿ ಬ್ರೀದರ್ ಎಂಬ ಹೋಸು ಆ ಅನಿಲವನ್ನು, ಅದರೊಡನೆ ಬಂದ ತೈಲದ ತುಂತುರನ್ನು ಆದಷ್ಟು ಬೇರ್ಪಡಿಸಿ, ಟರ್ಬೊ ಗಾಳಿಯನ್ನು ಎಳೆಯುವ ಬಾಯಿಗೆ ಸೇರಿಸುತ್ತದೆ. ವರ್ಷಾನುವರ್ಷ ಮಸಿ ಮತ್ತು ತೈಲದ ಜಿಡ್ಡು ಕೂಡಿ ಈ ದಾರಿ ಇಕ್ಕಟ್ಟಾದಂತೆ, ಒಳಗಿನ ಒತ್ತಡ ಏರುತ್ತದೆ. ಏರಿದ ಒತ್ತಡ ಇಂಜಿನ್ನಿನ ಅತ್ಯಂತ ದುರ್ಬಲವಾದ ಸಂಧಿಯನ್ನು ಹುಡುಕಿ ತೈಲವನ್ನು ಹೊರದೂಡುತ್ತದೆ. ಇಂದು ಟ್ಯಾಪಿಟ್ ಕವರಿನ ಗ್ಯಾಸ್ಕೆಟ್ಟು, ಅದನ್ನು ಬದಲಿಸಿದರೆ ಮುಂದಿನ ತಿಂಗಳು ಕ್ರ್ಯಾಂಕಿನ ಸೀಲು, ಅದನ್ನೂ ಬದಲಿಸಿದರೆ ಟರ್ಬೊ. ಹೀಗೆ ಒಡೆಯನು ಒಂದೊಂದಾಗಿ ಬಾಗಿಲು ಹಾಕುತ್ತ ಹೋದರೂ, ಒಳಗಿರುವ ಒತ್ತಡಕ್ಕೆ ಹೊರಹೋಗುವ ದಾರಿಯನ್ನು ಬಿಡಿಸದ ಹೊರತು ಸೋರಿಕೆ ನಿಲ್ಲದು. ಗ್ಯಾಸ್ಕೆಟ್ಟುಗಳನ್ನು ಬದಲಿಸುವ ಮೊದಲು ಬ್ರೀದರನ್ನು ನೋಡದ ಮೇಸ್ತ್ರಿಯನ್ನು ನಾನಂತೂ ನಂಬಲಾರೆ.

ಅದನ್ನು ಪರೀಕ್ಷಿಸುವ ಉಪಾಯ ಅತಿ ಸರಳ. ಬಿಸಿಯಾದ ಇಂಜಿನ್ನನ್ನು ಆರಾಮ ವೇಗದಲ್ಲಿ ಓಡಲು ಬಿಟ್ಟು, ತೈಲ ಹಾಕುವ ಮುಚ್ಚಳವನ್ನು ತೆಗೆದು, ಆ ಬಾಯಿಗೆ ತೆಳ್ಳನೆಯ ರಬ್ಬರ್ ಕೈಗವಸನ್ನು ಅಥವಾ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಬೇಕು. ಕೈಗವಸು ಒಳಕ್ಕೆ ಎಳೆಯಲ್ಪಟ್ಟರೆ ಅಥವಾ ಹೆಚ್ಚುಕಡಮೆ ನಿಶ್ಚಲವಾಗಿದ್ದರೆ ದಾರಿ ತೆರೆದಿದೆ; ಬೆರಳುಗಳು ಒಂದೊಂದಾಗಿ ಎದ್ದುನಿಂತು ಕೈ ಬಿಗಿಯಾಗಿ ಉಬ್ಬಿದರೆ ಒಳಗೆ ಒತ್ತಡ ಕೂಡಿದೆ. ಆಮೇಲೆ ಬ್ರೀದರ್ ಹೋಸನ್ನು ಕಳಚಿ ಅದೇ ಪರೀಕ್ಷೆಯನ್ನು ಪುನಃ ಮಾಡಿದರೆ ಮತ್ತೂ ಒಂದು ಹೆಜ್ಜೆ ಮುಂದೆ ಹೋಗಬಹುದು: ಹೋಸು ಕಳಚಿದೊಡನೆ ಉಬ್ಬು ಇಳಿದರೆ ಕಟ್ಟಿಕೊಂಡದ್ದು ಹೋಸು ಅಥವಾ ಅದರಾಚೆಯ ಮಾರ್ಗ; ಹೋಸಿನ ಬಾಯಿಂದಲೇ ಉಗಿಬಂಡಿಯಂತೆ ಬುಸುಬುಸು ಹೊಗೆ ಬಂದರೆ ರಿಂಗುಗಳು ಸವೆದು ಇಂಜಿನ್ನು ಬೋರಿಗೆ ಬಂದಿದೆಯೆಂಬ ಸಂಶಯ ಬಲವಾಗುತ್ತದೆ, ಆಗ ಕಂಪ್ರೆಷನ್ ಅಳೆಯದೆ ಮುಂದಿನ ಮಾತಿಲ್ಲ. ಓಡುವಾಗ ಆಯಿಲ್ ಗೇಜಿನ ಕಡ್ಡಿ ತಾನಾಗಿ ಮೇಲೆದ್ದು ಬರುವುದೂ ಇದೇ ಕಾಯಿಲೆಯ ಲಕ್ಷಣ.

ಇನ್ನು ಸೋರಿಕೆಯ ಜಾಡು ಹಿಡಿಯುವ ವಿಷಯ. ಮಲೆನಾಡಿನ ಹೆಂಚಿನ ಮನೆಗಳಲ್ಲಿ ಬೆಳೆದವರಿಗೆ, ನೀರು ತೊಟ್ಟಿಕ್ಕುವ ಜಾಗದ ನೆತ್ತಿಗೇ ಒಡೆದ ಹೆಂಚು ಇರುವುದಿಲ್ಲವೆಂಬುದು ಬಾಲ್ಯದಲ್ಲಿಯೇ ತಿಳಿದ ಸತ್ಯ; ನೀರು ರೀಪಿನ ಗುಂಟ, ಪಕಾಸಿನ ಗುಂಟ ಎಷ್ಟೋ ದೂರ ಹರಿದು ತನಗೆ ಅನುಕೂಲವಾದಲ್ಲಿ ಬೀಳುತ್ತದೆ. ಇಂಜಿನ್ನಿನ ತೈಲಕ್ಕೆ ಇದರ ಜೊತೆಗೆ ಇನ್ನೆರಡು ಚಾತುರ್ಯಗಳಿವೆ. ಕಾರು ಓಡುವಾಗಿನ ಗಾಳಿ ಅದನ್ನು ಹಿಂದಕ್ಕೆ ಬೀಸಿ, ಗೇರ್ ಬಾಕ್ಸಿನ ಮೇಲೆಯೂ ಸೈಲೆನ್ಸರ್ ಕೊಳವೆಯ ಮೇಲೆಯೂ ಚಿಮುಕಿಸುತ್ತದೆ. ಮತ್ತು ತೈಲ ಕಿರುಸಂದುಗಳಲ್ಲಿ ಮೇಲ್ಮುಖವಾಗಿಯೂ ಸರಿಯಬಲ್ಲದಾದ್ದರಿಂದ, ಬಿರುಕು ಬಿಟ್ಟ ಆಯಿಲ್ ಪ್ರೆಷರ್ ಸ್ವಿಚ್ಚಿನಿಂದ ಹೊರಟು ಅದರ ವೈರಿನೊಳಗೆ ಏರಿ ದೂರದ ಕನೆಕ್ಟರಿನಲ್ಲಿ ಒಸರಿದ ಉದಾಹರಣೆಗಳೂ ಉಂಟು. ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲೆ ಮತ್ತು ಎಲ್ಲಕ್ಕಿಂತ ಮುಂದೆ ಇರುವ ಜಾಗ ಯಾವುದೋ ಅದನ್ನು ಮೊದಲು ಸಂಶಯಿಸಬೇಕು. ಹನಿ ಬೀಳುವ ಜಾಗವನ್ನು ಕೊನೆಗೆ.

ಅದಕ್ಕೂ ಮೊದಲು, ಬಿದ್ದ ಹನಿ ಏನೆಂಬುದನ್ನು ನಿರ್ಧರಿಸಿಕೊಳ್ಳಬೇಕು. ರಾತ್ರಿ ಕಾರಿನಡಿ ಹಾಸಿಟ್ಟ ಬಿಳಿಯ ರಟ್ಟು ಬೆಳಗ್ಗೆ ಸಾಕ್ಷಿ ಹೇಳುತ್ತದೆ. ಡೀಸೆಲ್ ಇಂಜಿನ್ನಿನ ತೈಲ ಹಾಕಿದ ಕೆಲವೇ ದಿನಗಳಲ್ಲಿ ಮಸಿಯಂತಾಗುವುದರಿಂದ ಕಪ್ಪು ಕಲೆಯ ವಿಷಯದಲ್ಲಿ ಸಂಶಯವಿಲ್ಲ; ಜೇನುಬಣ್ಣದ, ಗಂಧಕದ ಕಟುವಾಸನೆಯ ಹನಿ ಗೇರ್ ಬಾಕ್ಸಿನದು; ಬೆರಳಿಗೆ ತೆಳ್ಳಗೆ ಹತ್ತಿ ಮೂಗಿಗೆ ರಾಚುವುದು ಡೀಸೆಲ್, ಅದು ಇಂಜೆಕ್ಟರಿನ ಬಳಿಯ ರಿಟರ್ನ್ ಪೈಪುಗಳಿಂದ ಸೋರಿ ಹಳೆಯ ಜಿಡ್ಡನ್ನೂ ತೊಳೆದುಕೊಂಡು ಕಪ್ಪಾಗಿ ಬೀಳುವುದುಂಟು. ಗೇಜಿನಲ್ಲಿ ಮಟ್ಟ ಇಳಿಯುತ್ತಿದ್ದರೂ ರಟ್ಟಿನ ಮೇಲೆ ಏನೂ ಇಲ್ಲವೆಂದರೆ, ಇಂಜಿನ್ನು ತೈಲ ಸೋರದೆ ತಿನ್ನುತ್ತಿರಬಹುದು. ಬೆಳಗಿನ ಮೊದಲ ನೀಲಿ ಹೊಗೆ ಅದಕ್ಕೆ ಪುರಾವೆ. ಪ್ರಮಾಣವನ್ನೂ ಲೆಕ್ಕ ಹಾಕಬೇಕು. ಹತ್ತು ಸೆಕೆಂಡಿಗೆ ಒಂದು ಹನಿಯಂತೆ ಬಿದ್ದರೆ ಗಂಟೆಗೆ 360 ಹನಿ, ಅಂದರೆ ಅಂದಾಜು ಹದಿನೈದು ಮಿಲಿಲೀಟರು. ಗಂಟೆಗೆ 60 ಕಿಲೋಮೀಟರಿನಂತೆ 1000 ಕಿಲೋಮೀಟರು ಓಡುವಷ್ಟರಲ್ಲಿ ಕಾಲು ಲೀಟರು ಹೋಗಿರುತ್ತದೆ. ಬಹುತೇಕ ಕಾರುಗಳ ಗೇಜಿನಲ್ಲಿ ಕೆಳಗೆರೆಗೂ ಮೇಲ್ಗೆರೆಗೂ ನಡುವಿನ ಅಂತರ ಸುಮಾರು ಒಂದು ಲೀಟರು ಮಾತ್ರ.

ಆಮೇಲೆ ತೊಳೆಯುವ ಕೆಲಸ. ಗ್ಯಾರೇಜುಗಳಲ್ಲಿ ಯಾರಿಗೂ ಬೇಡವಾದ, ಬಿಲ್ಲಿನಲ್ಲಿ ಬರೆಯಲು ಸಂಕೋಚವಾಗುವ, ಆದರೆ ಇಡೀ ಶೋಧನೆಯ ಅಡಿಪಾಯವಾದ ಕೆಲಸವಿದು. ವರ್ಷಗಟ್ಟಲೆ ಧೂಳು ಸೇರಿ ಗಟ್ಟಿಯಾದ ಹಳೆಯ ಜಿಡ್ಡಿನಲ್ಲಿ ಹೊಸ ಸೋರಿಕೆಯನ್ನು ಗುರುತಿಸುವುದು ದೇವತೆಗಳಿಗೂ ಸಾಧ್ಯವಿಲ್ಲ. ಇಂಜಿನ್ನು ತಣ್ಣಗಿರುವಾಗ ಆಲ್ಟರ್ನೇಟರಿಗೂ ವೈರಿಂಗಿನ ಕನೆಕ್ಟರುಗಳಿಗೂ ಪ್ಲಾಸ್ಟಿಕ್ ಸುತ್ತಿ, ಜಿಡ್ಡು ಕರಗಿಸುವ ದ್ರಾವಣ ಬಳಿದು, ಬ್ರಷ್ಷಿನಿಂದ ಸಂದುಗೊಂದುಗಳನ್ನು ಉಜ್ಜಿ, ಒಣಗಿಸಿ, ಅನುಮಾನದ ಅಂಚುಗಳ ಮೇಲೆಲ್ಲ ಸಾಧಾರಣ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿ, ಇಂಜಿನ್ನನ್ನು ಓಡಿಸಿ ನೋಡಿದರೆ, ಬಿಳಿಯ ಹುಡಿಯ ಮೇಲೆ ತೈಲದ ಮೊದಲ ಎಳೆ ಕೂದಲಿನಷ್ಟು ಸಪೂರವಾಗಿ ಇಳಿದುಬರುವುದು ಕಣ್ಣಿಗೆ ಕಾಣುತ್ತದೆ. ಅನುಕೂಲವುಳ್ಳ ಗ್ಯಾರೇಜುಗಳಲ್ಲಿ ತೈಲಕ್ಕೇ ಹೊಳೆಯುವ ಬಣ್ಣ ಬೆರೆಸಿ, ಒಂದೆರಡು ದಿನ ಓಡಿಸಿ, ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದು ನೋಡುತ್ತಾರೆ. ಓಡುವಾಗ ಮಾತ್ರ ಸೋರಿ ನಿಂತಾಗ ಅಡಗಿಕೊಳ್ಳುವ ಕಳ್ಳಸೋರಿಕೆಗೆ ಅದೇ ಒಳ್ಳೆಯದು.

ಹಾಸನದ ಗ್ಯಾರೇಜೊಂದರಲ್ಲಿ ಈ ಪೌಡರಿನ ವಿಧಾನವನ್ನು ಹತ್ತಿರದಿಂದ ನೋಡುವ ಅವಕಾಶ ನನಗೊದಗಿತ್ತು. ನಿವೃತ್ತ ಉಪಾಧ್ಯಾಯರೊಬ್ಬರ ಹಳೆಯ ಟರ್ಬೊ ಡೀಸೆಲ್ ಕಾರು. ಇಂಜಿನ್ನಿನ ತಳವೆಲ್ಲ ತೊಯ್ದು ಚೇಂಬರಿನ ಅಂಚಿನಿಂದ ಹನಿಯುತ್ತಿತ್ತು. ಬೇರೊಂದು ಊರಿನಲ್ಲಿ ಹೊಸ ಟರ್ಬೊದ ಬೆಲೆ ಬರೆದುಕೊಟ್ಟಿದ್ದ ಚೀಟಿ ಅವರ ಜೇಬಿನಲ್ಲಿತ್ತು. ಮೇಸ್ತ್ರಿ ಆ ಚೀಟಿಯನ್ನು ನೋಡುವ ಗೋಜಿಗೆ ಹೋಗಲಿಲ್ಲ. ತೊಳೆದು, ಒಣಗಿಸಿ, ಪೌಡರು ಉದುರಿಸಿ, ಸ್ಟಾರ್ಟ್ ಮಾಡಿಸಿ, ಟಾರ್ಚು ಹಿಡಿದು ಕುಳಿತವನು, ತುಸು ಹೊತ್ತಿನ ಮೇಲೆ ಆಯಿಲ್ ಫಿಲ್ಟರಿನ ಮುಚ್ಚಳದ ಕೆಳಗೆ ಬೆರಳಿಟ್ಟು ತೋರಿಸಿದ.

‘ಇಲ್ನೋಡಿ ಮೇಷ್ಟ್ರೇ. ಇತ್ತೀಚ್ಗೆ ಸರ್ವೀಸ್ ಮಾಡ್ಸಿದ್ರಾ?’

‘ಹೌದಪ್ಪ, ದೀಪಾವಳಿಗೆ ಮುಂಚೆ. ಫಿಲ್ಟರೂ ಹೊಸದೇ ಹಾಕಿದಾರೆ, ಬಿಲ್ಲಿದೆ.’

‘ಫಿಲ್ಟರ್ ಹೊಸ್ದೇ ಸಾ. ರಿಂಗು ಹಳೇದು. ಡಬ್ಬದಲ್ಲಿ ಅದ್ರ ಜೊತೇಲೇ ಬಂದಿರುತ್ತೆ, ಹಾಕೋಕೆ ಬೇಜಾರು ಇವ್ರಿಗೆ.’

‘ಹಾಗಾದ್ರೆ ಟರ್ಬೊ?’

‘ಟರ್ಬೊ ಗುಂಡುಕಲ್ಲಿದ್ದಂಗಿದೆ ಬಿಡಿ.’

ಕಳಚಿದಾಗ ಕೈಗೆ ಬಂದ ಓ-ರಿಂಗು ದುಂಡಗಿರಬೇಕಾದ್ದು ಚಪ್ಪಟೆಯಾಗಿ, ಉಗುರಿನಿಂದ ಒತ್ತಿದರೆ ಮುರಿಯುವಷ್ಟು ಪೆಡಸಾಗಿತ್ತು. ಸೋರಿಕೆಯೊಂದು ಹೊಸದಾಗಿ ತಲೆದೋರಿದರೆ ಇಂಜಿನ್ನಿನಲ್ಲಿ ಕೊನೆಯದಾಗಿ ಕೈ ಬಿದ್ದ ಜಾಗ ಯಾವುದೆಂದು ವಿಚಾರಿಸುವುದು ಅನುಭವಿಗಳ ಮೊದಲ ನಡೆ; ಫಿಲ್ಟರಿನ ರಿಂಗು, ಡ್ರೈನ್ ಬೋಲ್ಟಿನ ವಾಷರು, ಸರಿಯಾಗಿ ಕೂಡದ ತೈಲದ ಮುಚ್ಚಳ ಇವುಗಳಲ್ಲಿಯೇ ಎಷ್ಟೋ ಪ್ರಕರಣಗಳು ಇತ್ಯರ್ಥವಾಗುತ್ತವೆ. ಫಿಲ್ಟರಿನ ಮನೆಯೊಂದಿಗೆ ಜೋಡಿಸಿದ ಆಯಿಲ್ ಕೂಲರಿನ ಸೀಲುಗಳೂ ವಯಸ್ಸಾದಂತೆ ಪೆಡಸಾಗುವುದುಂಟು. ಅಲ್ಲಿ ತೈಲ ಇಂಜಿನ್ನಿನ ಪೂರ್ಣ ಒತ್ತಡದಲ್ಲಿರುವುದರಿಂದ ಸಣ್ಣ ದೋಷಕ್ಕೂ ದೊಡ್ಡ ಸೋರಿಕೆ.

ಡೀಸೆಲ್ ಕಾರುಗಳಲ್ಲಿ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪು ಕ್ಯಾಮ್ ದಂಡದ ತುದಿಯಲ್ಲಿ, ಅನೇಕ ವೇಳೆ ಗೇರ್ ಬಾಕ್ಸಿನ ಕಡೆಯ ನೆತ್ತಿಯಲ್ಲಿ ಕುಳಿತಿರುತ್ತದೆ. ಅದರ ರಿಂಗು ಸೋತರೆ ತೈಲ ಗೋಡೆಗುಂಟ ಇಳಿದು, ಇಂಜಿನ್ನು ಗೇರ್ ಬಾಕ್ಸು ಕೂಡುವ ಸಂಧಿಯಲ್ಲಿ ಹನಿಯಾಗಿ ಬೀಳುತ್ತದೆ. ಕ್ರ್ಯಾಂಕಿನ ಹಿಂಬದಿಯ ಸೀಲು ಹೋದಾಗಲೂ ಹನಿ ಬೀಳುವುದು ಅದೇ ಸಂಧಿಯಲ್ಲಿ. ಮೊದಲನೆಯದು ಅರ್ಧ ದಿನದ ಕೆಲಸ, ಎರಡನೆಯದಕ್ಕೆ ಗೇರ್ ಬಾಕ್ಸನ್ನೇ ಇಳಿಸಬೇಕು. ಕೆಳಗಿನಿಂದ ಮಾತ್ರ ನೋಡಿ ಗೇರ್ ಬಾಕ್ಸು ಇಳಿಸಲು ಹೊರಟವನಿಗೆ, ಒಮ್ಮೆ ಮೇಲಿನಿಂದ ಕೈಯಾಡಿಸಿ ವ್ಯಾಕ್ಯೂಮ್ ಪಂಪಿನ ಕೆಳಗೆ ಒದ್ದೆಯಿದೆಯೇ ನೋಡಪ್ಪಾ ಎಂದು ಹೇಳುವುದರಿಂದ ಒಡೆಯನಿಗೆ ಸಾವಿರಾರು ರೂಪಾಯಿ ಉಳಿಯಬಹುದು.

ಟರ್ಬೊದ ಮೇಲಿನ ಆರೋಪಕ್ಕೆ ಹೆಚ್ಚಾಗಿ ಆಧಾರವಾಗುವುದು, ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸು. ಅದನ್ನು ಕಳಚಿ, ಒಳಗೆ ಬೆರಳಾಡಿಸಿ, ಜಿಡ್ಡನ್ನು ತೋರಿಸಿ, ‘ನೋಡಿ ಸಾರ್, ಟರ್ಬೊ ಆಯಿಲ್ ಬಿಡ್ತಿದೆ’ ಎಂದರೆ ಯಾವ ಒಡೆಯನ ಎದೆಯೂ ಒಮ್ಮೆ ಝಲ್ಲೆನ್ನದಿರದು. ಆದರೆ ಬ್ರೀದರಿನಿಂದ ಬರುವ ತುಂತುರು ಇದೇ ದಾರಿಯಲ್ಲಿ ಸಾಗಬೇಕಾದುದರಿಂದ ಹೋಸಿನೊಳಗೆ ತೆಳ್ಳನೆಯ ಲೇಪ ಇದ್ದೇ ಇರುತ್ತದೆ. ಕ್ಲಾಂಪು ಸಡಿಲವಾದ ಕಡೆ, ಅಥವಾ ರಬ್ಬರು ಬಿರಿದ ಕಡೆ, ಒತ್ತಡದ ಗಾಳಿಯೊಡನೆ ಆ ಲೇಪ ಹೊರಚಿಮ್ಮಿ ಧೂಳು ಹತ್ತಿ ಭಯಂಕರವಾಗಿ ಕಾಣುತ್ತದೆ. ಚಿಕಿತ್ಸೆ ಒಂದು ಹೊಸ ಕ್ಲಾಂಪು ಅಥವಾ ಹೋಸು. ಪಿಕಪ್ ಕುಗ್ಗಿ, ವೇಗ ಹೆಚ್ಚಿಸುವಾಗ ಸುಯ್ಯೆಂಬ ಸದ್ದಿನೊಡನೆ ಕರಿಹೊಗೆ ಬಂದರೆ ಈ ಸಂಶಯ ದೃಢವಾಗುತ್ತದೆ. ಗೇಜಿನ ಮೇಲ್ಗೆರೆಯನ್ನು ಮೀರಿ ತೈಲ ಸುರಿದಿದ್ದರೂ ಕ್ರ್ಯಾಂಕು ಅದನ್ನು ಕಡೆದು ತುಂತುರನ್ನು ಹೆಚ್ಚಿಸುವುದರಿಂದ ಹೋಸು ತೊಯ್ಯುತ್ತದೆ. ಹೆಚ್ಚಿದ್ದರೆ ಒಳ್ಳೆಯದೇ ಎಂದು ಧಾರಾಳವಾಗಿ ಸುರಿಯುವವರು ಇದನ್ನು ಗಮನಿಸಬೇಕು. ಹೋಸಿನಿಂದ ತೈಲ ಲೋಟಕ್ಕೆ ಬಗ್ಗಿಸುವಷ್ಟು ಹರಿದರೆ ಮಾತ್ರ ಮಾತು ಬೇರೆ.

ಆಗ ಟರ್ಬೊವನ್ನು ನೇರವಾಗಿ ಪರೀಕ್ಷಿಸಬೇಕು. ತಣ್ಣಗಿರುವ ಇಂಜಿನ್ನಿನಲ್ಲಿ ಗಾಳಿಯ ಕೊಳವೆಯನ್ನು ಬಿಚ್ಚಿ, ಚಕ್ರದ ಮೂಗನ್ನು ಎರಡು ಬೆರಳುಗಳಲ್ಲಿ ಹಿಡಿದು ಅಲುಗಿಸಿದರೆ, ಪಕ್ಕದಿಂದ ಪಕ್ಕಕ್ಕೆ ಕೊಂಚ ಆಟ ಕಾಣುತ್ತದೆ. ತೈಲದ ಪೊರೆಗೆಂದು ಬಿಟ್ಟ ಜಾಗವದು, ದೋಷವಲ್ಲ. ಹಿಂದಕ್ಕೆ ಮುಂದಕ್ಕೆ ಎಳೆದಾಗ ಕೈಗೆ ತಿಳಿಯುವಷ್ಟು ಚಲನೆಯಿದ್ದರೆ, ಅಥವಾ ಚಕ್ರದ ರೆಕ್ಕೆಗಳ ಅಂಚು ಗೂಡಿಗೆ ಉಜ್ಜಿದ ಗೀರುಗಳಿದ್ದರೆ, ಆ ಟರ್ಬೊದ ಆಯುಷ್ಯ ಮುಗಿದಿದೆಯೆಂದೇ ತಿಳಿಯಬೇಕು. ಅದನ್ನು ಬದಲಿಸುವುದನ್ನು ಮುಂದೂಡುವಂತಿಲ್ಲ; ಡೀಸೆಲ್ ಇಂಜಿನ್ನು ಗಾಳಿಯೊಡನೆ ಬಂದ ತೈಲವನ್ನೇ ಇಂಧನವಾಗಿ ಉರಿಸಬಲ್ಲದಾದ್ದರಿಂದ, ಟರ್ಬೊ ಒಮ್ಮೆಲೆ ತೈಲವನ್ನು ಕಕ್ಕಿದರೆ ಕೀಲಿ ತಿರುಗಿಸಿದರೂ ನಿಲ್ಲದೆ, ದಟ್ಟನೆಯ ಹೊಗೆಯೊಡನೆ ತನ್ನಷ್ಟಕ್ಕೆ ತಾನೇ ವೇಗವೇರಿ ನಾಶವಾಗುವುದುಂಟು. ಅಂಥ ಸಂದರ್ಭದಲ್ಲಿ ಬ್ರೇಕನ್ನು ಬಲವಾಗಿ ಒತ್ತಿ, ದೊಡ್ಡ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಇಂಜಿನ್ನನ್ನು ಉಸಿರುಗಟ್ಟಿಸುವುದೊಂದೇ ಚಾಲಕನ ಕೈಯಲ್ಲಿರುವ ದಾರಿ.

ಟರ್ಬೊ ನಿಜವಾಗಿ ಸತ್ತಿದ್ದರೂ, ಏಕೆ ಸತ್ತಿತೆಂಬ ವಿಚಾರಣೆ ಉಳಿದಿರುತ್ತದೆ. ಶಿರಾಡಿಯನ್ನೋ ಚಾರ್ಮಾಡಿಯನ್ನೋ ತುಂಬಿದ ಕಾರಿನಲ್ಲಿ ಹತ್ತಿ, ಘಟ್ಟದ ತಲೆಯ ಹೋಟೆಲಿನ ಮುಂದೆ ನಿಲ್ಲಿಸಿದೊಡನೆ ಕೀಲಿ ಕಿತ್ತರೆ, ಕಾದ ಟರ್ಬೊದೊಳಗೆ ಹರಿವು ನಿಂತ ತೈಲ ಸೀದು ಇದ್ದಿಲಾಗಿ, ಬೇರಿಂಗಿನಲ್ಲಿಯೂ ತೈಲದ ಸಪೂರ ಕೊಳವೆಯಲ್ಲಿಯೂ ಅಂಟುತ್ತದೆ. ಒಂದೆರಡು ನಿಮಿಷ ಇಂಜಿನ್ನನ್ನು ಆರಾಮವಾಗಿ ಓಡಿಸಿ ನಿ‌ಲ್ಲಿಸುವುದು ಹಳೆಯ ಲಾರಿ ಚಾಲಕರ ಪದ್ಧತಿ. ಕಾರಿನವರು ಅದನ್ನು ಕಲಿಯಲಿಲ್ಲ. ಮತ್ತೊಂದು ಕಾರಣ ಗ್ಯಾರೇಜಿನಲ್ಲಿಯೇ ಹುಟ್ಟುವಂಥದು. ಚೇಂಬರನ್ನು ಬಿಚ್ಚಿ ಕೂರಿಸುವಾಗ ಹಳೆಯ ಅಂಟನ್ನು ಪೂರ್ತಿ ಕೆರೆಯದೆ, ಸಂಧಿ ಮುಚ್ಚುವ ಅನಬಾಂಡ್ ಅಂಟನ್ನು ಧಾರಾಳವಾಗಿ ಹಿಂಡಿ ಬಿಗಿದರೆ, ಹೊರಗೆ ಉಕ್ಕಿ ಬಂದಷ್ಟೇ ಒಳಗೂ ಉಕ್ಕಿರುತ್ತದೆ. ಒಳಗಿನ ಎಳೆಗಳು ಒಣಗಿ, ಕಳಚಿ, ತೈಲವನ್ನು ಹೀರುವ ಜಾಲರಿಗೆ ಹೋಗಿ ಅಂಟಿದಾಗ ಇಂಜಿನ್ನಿಗೆ ತೈಲ ಕಡಿಮೆಯಾಗುತ್ತದೆ. ಮೊದಲು ಸಾಯುವುದು 2 ಲಕ್ಷ ಸುತ್ತು ತಿರುಗುವ ಟರ್ಬೊ. ಸೋರಿಕೆ ನಿಲ್ಲಿಸಲು ಮಾಡಿದ ರಿಪೇರಿಯಿಂದಲೇ ಟರ್ಬೊ ಹೋಗುವ ಈ ವಿಪರ್ಯಾಸ ಅಪರೂಪವಲ್ಲ. ಮುಖಗಳು ಒಣಗಿ ಶುಭ್ರವಾಗಿರಬೇಕು, ಸಪೂರವಾದ ಒಂದೇ ಎಳೆ ಸಾಕು, ತೈಲ ತುಂಬುವ ಮುನ್ನ ಅದು ಗಟ್ಟಿಯಾಗಲು ಸಮಯ ಬೇಕು.

ಸೋರಿಕೆಗೆ ಮದ್ದೆಂದು ದಪ್ಪ ದರ್ಜೆಯ ತೈಲ ಹಾಕುವ ರೂಢಿಯೂ ಇದೆ. ಹನಿ ಸ್ವಲ್ಪ ಕಡಿಮೆಯಾಗುವುದು ನಿಜ; ಆದರೆ ಬೆಳಗಿನ ಚಳಿಯಲ್ಲಿ ಆ ಮಂದ ತೈಲ ಟರ್ಬೊದ ನೆತ್ತಿಯನ್ನು ಮುಟ್ಟುವುದು ತಡವಾಗುತ್ತದೆ. ರಬ್ಬರನ್ನು ಉಬ್ಬಿಸಿ ಸೋರಿಕೆ ನಿಲ್ಲಿಸುವ ಬಾಟಲಿ ಔಷಧಗಳೂ ಅಂಗಡಿಗಳಲ್ಲಿ ಸಿಗುತ್ತವೆ. ಕಾರನ್ನು ಮಾರಲು ಹೊರಟವನಿಗೆ ಅವು ಹೆಚ್ಚು ಪ್ರಿಯ. ಕೊಳ್ಳಲು ಹೊರಟವನು, ಹತ್ತು ವರ್ಷದ ಕಾರಿನ ಇಂಜಿನ್ನು ಅಂದೇ ತೊಳೆದು ಪಾಲಿಷ್ ಹಾಕಿದಂತಿದ್ದರೆ ಸಂತೋಷಪಡುವ ಬದಲು, ಅರ್ಧ ಗಂಟೆ ಓಡಿಸಿ ಮತ್ತೆ ಬಾನೆಟ್ಟು ತೆರೆಸುವುದು ಕ್ಷೇಮ.

ಎಲ್ಲ ಒದ್ದೆಗೂ ಸ್ಪ್ಯಾನರ್ ಎತ್ತಬೇಕಾಗಿಲ್ಲ. ಟ್ಯಾಪಿಟ್ ಕವರಿನ ಅಂಚಿನಲ್ಲಿ ಹನಿಗಟ್ಟದೆ ಬರಿದೇ ತೇವವಾಗಿರುವ ಜಿನುಗನ್ನು ವರ್ಷಗಟ್ಟಲೆ ಹಾಗೆಯೇ ಬಿಡಬಹುದು. ತೈಲ ಟರ್ಬೊದ ಕಾದ ಗೂಡಿನ ಮೇಲೆ ಅಥವಾ ಸೈಲೆನ್ಸರಿನ ಮೇಲೆ ಬಿದ್ದು ಸುಟ್ಟ ವಾಸನೆ ಎಸಿಯ ಕಿಂಡಿಯಿಂದ ಒಳಬರುತ್ತಿದ್ದರೆ ಮಾತ್ರ, ಹನಿ ಎಷ್ಟೇ ಸಣ್ಣದಾಗಿರಲಿ, ಬೆಂಕಿಯ ಭಯವಿರುವುದರಿಂದ ಆ ದಿನವೇ ನೋಡಿಸಬೇಕು. ಪರೀಕ್ಷೆಯಿಂದ ಕ್ರ್ಯಾಂಕಿನ ಹಿಂಬದಿಯ ಸೀಲೇ ಸೋರುತ್ತಿರುವುದೆಂದು ಖಚಿತವಾಗಿ, ಬ್ರೀದರೂ ಶುಭ್ರವಾಗಿದ್ದು, ಹನಿ ಕ್ಲಚ್ ತಟ್ಟೆಗೆ ತಗಲದೆ ನಿಧಾನವಾಗಿ ಬೀಳುತ್ತಿದ್ದರೆ, ಗೇರ್ ಬಾಕ್ಸನ್ನು ಕೂಡಲೇ ಇಳಿಸುವ ಅಗತ್ಯವಿಲ್ಲ. ಕ್ಲಚ್ ಬದಲಿಸುವ ದಿನ ಹೇಗೂ ಬರುತ್ತದೆ, ಆಗ ಅದೇ ಕೂಲಿಯಲ್ಲಿ ಆ ಸೀಲನ್ನೂ ಹಾಕಿಸಿಕೊಳ್ಳಬಹುದು. ಅಲ್ಲಿಯವರೆಗೆ ವಾರಕ್ಕೊಮ್ಮೆ ಸಮನೆಲದಲ್ಲಿ ತಣ್ಣಗಿರುವಾಗ ಗೇಜು ನೋಡಿ, ಕೆಳಗೆರೆಯ ಸಮೀಪಕ್ಕೆ ಬರುವ ಮುನ್ನ ಅದೇ ದರ್ಜೆಯ ತೈಲವನ್ನು ಹಾಕುತ್ತ, ಡಿಕ್ಕಿಯಲ್ಲಿ ಒಂದು ಲೀಟರಿನ ಡಬ್ಬವನ್ನು ಇಟ್ಟುಕೊಂಡಿದ್ದರೆ ಕಾರು ಓಡುತ್ತಿರುತ್ತದೆ.